ಅಡ್ಜಸ್ಟ್ ಮಾಡ್ಕೊಳ್ಳಬೇಕಾದ್ದು ಯಾರು?

"ಥೀಟಾ ಸಬ್ ಟಿ ಪ್ಲಸ್ ಒನ್" ಅಂತ ಹೇಳುತ್ತಾ ಬೋರ್ಡಿನ ಮೇಲೆ ಬರೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ, ಕಣ್ಣು ಕಾಣದ ಹುಡುಗ ಕೈ ಎತ್ತಿದ. "ಆ ಒಂದು ಕೆಳಗೆ ಟಿ ಜೊತೆ ಇದೆಯಾ, ಇಲ್ಲ ಹೊರಗಡೆ ಥೀಟಾಗೆ ಕೂಡುತ್ತಾ ಇದ್ದೀರಾ?"

ಥೀಟಾ ಅಂದರೆ ಮಾಡೆಲ್ ಕಲಿಯುತ್ತಾ ಬದಲಾಯಿಸಿಕೊಳ್ಳುವ ಸಂಖ್ಯೆಗಳು, ಅದರ ಕೆಳಗೆ ಸಣ್ಣದಾಗಿ ಬರೆಯುವ ಟಿ ಅಂದರೆ ಎಷ್ಟನೇ ಹೆಜ್ಜೆ ಅಂತ. ಎರಡರ ಅರ್ಥವೂ ಬೇರೆ. ಒಂದು, ಮುಂದಿನ ಹೆಜ್ಜೆಯ ಥೀಟಾ. ಇನ್ನೊಂದು, ಈಗಿನ ಥೀಟಾಗೆ ಒಂದು ಕೂಡಿಸಿದ್ದು. ವರ್ಷಗಟ್ಟಲೆ ನಾನು ಹಾಗೇ ಓದುತ್ತಾ ಬಂದಿದ್ದೆ. ಕಣ್ಣು ಬೋರ್ಡಿನ ಮೇಲೇ ಇರುತ್ತಿದ್ದರಿಂದ ಮಾತಿನಲ್ಲಿ ಇಂಥ ಗೊಂದಲ ಇದೆ ಅಂತ ಗೊತ್ತೇ ಆಗಿರಲಿಲ್ಲ. ಕ್ಲಾಸ್ ಮುಗಿದ ಮೇಲೆ ಇನ್ನಿಬ್ಬರು ಬಂದರು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೂ ನೋಟ್ಸ್‌ನಲ್ಲಿ ಅದನ್ನು ತಪ್ಪಾಗಿ ಬರೆದುಕೊಂಡಿದ್ದರು.

ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಹೊಸ ಡೇಟಾ ಬಂದಂತೆಲ್ಲ ತನ್ನನ್ನು ತಾನೇ ಬದಲಾಯಿಸಿಕೊಳ್ಳುವ ಎಐ ಮಾಡೆಲ್‌ಗಳು ನನ್ನ ವಿಷಯ. ಜೊತೆಗೆ ಟಿಎ ಕೆಲಸ, ಅಂದರೆ ಪದವಿ ಹುಡುಗರಿಗೆ ಪಾಠ ಹೇಳುವುದು.

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಬ್ಯಾಚಿನಲ್ಲಿ ದೃಷ್ಟಿ ತುಂಬಾ ಕಡಿಮೆ ಇದ್ದ ಒಬ್ಬ ಗೆಳೆಯನಿದ್ದ. ಮೇಷ್ಟ್ರು ಒಳ್ಳೆಯವರು, ಅವನನ್ನು ಮುಂದೆ ಕೂರಿಸುತ್ತಿದ್ದರು. ಆದರೆ ಪಾಠ ಮಾತ್ರ "ನೋಡಿ, ಇದು ಇಲ್ಲಿಗೆ ಬರುತ್ತೆ, ಇದು ಅಲ್ಲಿಗೆ ಹೋಗುತ್ತೆ" ಅನ್ನುವ ರೀತಿಯದೇ. ಇದು ಅಂದರೆ ಯಾವುದು, ಅಲ್ಲಿ ಅಂದರೆ ಎಲ್ಲಿ? ರಾತ್ರಿ ಹಾಸ್ಟೆಲ್ಲಿನಲ್ಲಿ ನಾವು ಸರದಿ ಪ್ರಕಾರ ಅವನಿಗೆ ನೋಟ್ಸ್ ಓದಿ ಹೇಳುತ್ತಿದ್ದೆವು. ಅದು ಉಪಕಾರ ಅಂತ ನಮಗೂ ಅನಿಸಿರಲಿಲ್ಲ, ಅವನಿಗೂ ಅನಿಸಿರಲಿಲ್ಲ. ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಆದರೆ ನಾವು ಓದಿ ಹೇಳದ ದಿನ ಅವನಿಗೆ ಪಾಠವೇ ಇರಲಿಲ್ಲ, ಅಲ್ವಾ? "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅನ್ನುವ ಮಾತು ಯಾವಾಗಲೂ ಅವನ ಪಾಲಿಗೇ ಬರುತ್ತಿತ್ತು.

ಇಲ್ಲಿ ಹಾಗಲ್ಲ. ಸೆಮಿಸ್ಟರ್ ಶುರುವಾಗುವಾಗಲೇ ವಿಶ್ವವಿದ್ಯಾಲಯದ ಕಚೇರಿಯಿಂದ ಪತ್ರ ಬಂತು: ಈ ವಿದ್ಯಾರ್ಥಿಗೆ ಸ್ಲೈಡ್‌ಗಳನ್ನು ಮೊದಲೇ ಕೊಡಬೇಕು, ಅವನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಓದುವಂತಿರಬೇಕು. ಅವನ ಕಾಯಿಲೆ ಏನು ಅಂತ ಕೇಳುವ ಹಕ್ಕು ನನಗಿಲ್ಲ. ಇದರ ಹಿಂದೆ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನುವ 1990ರ ಅಮೆರಿಕದ ಕಾನೂನಿದೆ. ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಸಮಯ, ಹೇಳಿದ್ದನ್ನು ಬರೆದುಕೊಡಲು ಒಬ್ಬ ಸ್ಕ್ರೈಬ್, ಎಲ್ಲಾ ಇದೆ. ನನ್ನ ತಕರಾರು ಇಷ್ಟೇ: ನಾವು ಪರೀಕ್ಷೆಯ ಮೂರು ಗಂಟೆಗೆ ವ್ಯವಸ್ಥೆ ಮಾಡಿದ್ದೇವೆ, ಅದಕ್ಕೆ ಮುಂಚಿನ ನಾಲ್ಕು ತಿಂಗಳ ಪಾಠವನ್ನು ಗೆಳೆಯರಿಗೆ ಬಿಟ್ಟಿದ್ದೇವೆ.

ಇಲ್ಲಿನ ರೀತಿಯಲ್ಲೂ ಒಂದು ಕೊರತೆ ಕಾಣುತ್ತದೆ. ಪತ್ರದಲ್ಲಿ ಇದ್ದಷ್ಟು ಮಾಡಿದರೆ ಮುಗಿಯಿತು. ಆ ಹುಡುಗನ ಪಕ್ಕದಲ್ಲಿ ಕೂತು ಒಂದು ಪುಟ ಓದಿ ಹೇಳಿದವರನ್ನು ನಾನು ನೋಡಿಲ್ಲ.

ಒಂದು ದಿನ ಅವನು ನನ್ನ ಹಳೆಯ ಸ್ಲೈಡ್‌ಗಳನ್ನು ಸ್ಕ್ರೀನ್ ರೀಡರಿನಲ್ಲಿ ಕೇಳಿಸಿದ. "ಸ್ಲೈಡ್ ಏಳು. ಇಮೇಜ್. ಇಮೇಜ್. ಸ್ಲೈಡ್ ಎಂಟು. ಇಮೇಜ್." ಸಮೀಕರಣಗಳನ್ನೂ ಚಿತ್ರ ಮಾಡಿ ಅಂಟಿಸಿದ್ದೆ. ಅವತ್ತಿನಿಂದ ಪ್ರತಿ ಚಿತ್ರಕ್ಕೂ ವಿವರಣೆ ಬರೆಯತೊಡಗಿದೆ. ಬರೆಯಲು ಕೂತಾಗ ಕೆಲವು ಚಿತ್ರಗಳಲ್ಲಿ ಹೇಳುವಂಥದ್ದು ಏನೂ ಇಲ್ಲ ಅಂತ ಗೊತ್ತಾಯಿತು, ತೆಗೆದುಹಾಕಿದೆ. ಸಮೀಕರಣ ಓದುವ ರೀತಿಗೆ ಅಬ್ರಹಾಂ ನೆಮೆತ್ ಅವರ ಕೆಲಸ ದಾರಿ ತೋರಿಸಿತು. ಅವರು ಸ್ವತಃ ಅಂಧರಾಗಿದ್ದರು, ಗಣಿತದ ಪ್ರೊಫೆಸರ್ ಆಗಿದ್ದರು. 1952ರಲ್ಲಿ ಗಣಿತಕ್ಕೆ ಬ್ರೈಲ್ ಲಿಪಿ ಸಂಕೇತ ರೂಪಿಸಿದವರು. ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಬಾಯಲ್ಲೇ ಹೇಳುವ ಕ್ರಮವನ್ನೂ ಅವರು ರೂಪಿಸಿದ್ದರು. ನಾನೀಗ ಕ್ಲಾಸಿನಲ್ಲಿ ಹಾಗೇ ಓದುತ್ತೇನೆ.

ನನ್ನ ಸಂಶೋಧನೆಯ ದೊಡ್ಡ ತಲೆನೋವು ಮಾಡೆಲ್‌ಗಳ ಮರೆವು. 1989ರಲ್ಲಿ ಮೆಕ್‌ಕ್ಲಾಸ್ಕಿ ಮತ್ತು ಕೋಹೆನ್ ಎಂಬ ಸಂಶೋಧಕರು ಒಂದು ನ್ಯೂರಲ್ ನೆಟ್‌ವರ್ಕ್‌ಗೆ (ಉದಾಹರಣೆಗಳಿಂದ ಕಲಿಯುವ ಒಂದು ಬಗೆಯ ಮಾಡೆಲ್) ಒಂದನ್ನು ಕೂಡುವ ಲೆಕ್ಕ ಕಲಿಸಿದರು, ಆಮೇಲೆ ಎರಡನ್ನು ಕೂಡುವುದು. ಎರಡರದ್ದು ಕಲಿಯುತ್ತಿದ್ದಂತೆ ಅದು ಒಂದರದ್ದನ್ನು ಮರೆತೇಬಿಟ್ಟಿತು. ಇಂದಿನ ಮಾಡೆಲ್‌ಗಳಿಗೂ ಈ ಕಾಟ ತಪ್ಪಿಲ್ಲ. ಮಾತು ಗುರುತಿಸುವ ಮಾಡೆಲನ್ನು ಒಬ್ಬರ ಉಚ್ಚಾರಣೆಗೆ ಒಗ್ಗಿಸಿದರೆ, ಉಳಿದವರ ಮಾತು ಅದಕ್ಕೆ ಸರಿಯಾಗಿ ತಿಳಿಯದೆ ಹೋಗಬಹುದು. ಹಳೆಯದಕ್ಕೆ ಮುಖ್ಯವಾದ ಭಾಗಗಳನ್ನು ಜಾಸ್ತಿ ಅಲುಗಾಡದಂತೆ ಹಿಡಿದಿಡುವ ಒಂದು ಉಪಾಯ 2017ರಲ್ಲಿ ಬಂತು. ನಾನು ಮಾಡುತ್ತಿರುವುದೂ ಆ ಜಾಡಿನ ಕೆಲಸವೇ.

ಆದರೆ ಕ್ಲಾಸ್‌ರೂಮಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಒಬ್ಬನಿಗಾಗಿ ಪಾಠ ಬದಲಾಯಿಸಿದೆ, ಉಳಿದವರು ಏನನ್ನೂ ಕಳೆದುಕೊಳ್ಳಲಿಲ್ಲ. ಹಿಂದಿನ ಬೆಂಚಿನವನಿಗೂ ಇಂಗ್ಲಿಷ್ ಅಷ್ಟಾಗಿ ಬಾರದವನಿಗೂ ಅದೇ ವಿವರಣೆ ಉಪಯೋಗಕ್ಕೆ ಬಂತು.

ಪಿಎಚ್‌ಡಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ "ಟಿಎ ಕೆಲಸ ಸುಮ್ನೆ ಟೈಮ್ ವೇಸ್ಟ್, ಪೇಪರ್ ಬರಿ" ಅಂತ ಸೀನಿಯರ್‌ಗಳು ಹೇಳುತ್ತಾರೆ. ನನಗೂ ಹೇಳಿದ್ದರು. ನಾನು ಒಪ್ಪುವುದಿಲ್ಲ. ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳಬೇಕು ಅಂತ ಹಗಲೆಲ್ಲ ಲ್ಯಾಬಿನಲ್ಲಿ ದುಡಿಯುವವರು, ಕ್ಲಾಸಿಗೆ ಬಂದು ಮನುಷ್ಯನೇ ಸ್ಲೈಡಿಗೆ ಹೊಂದಿಕೊಳ್ಳಲಿ ಅನ್ನುವುದು ಸರಿಯಲ್ಲ.

ಹೋದ ತಿಂಗಳು ಆ ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: "ಆ ನೋಟ್ಸ್ ಕನ್ನಡದಲ್ಲಿ ಬರೀತೀಯಾ?" ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಕನ್ನಡವನ್ನೂ ಓದುತ್ತದೆ. ಶುರು ಮಾಡಿದ್ದೇನೆ. ಮೊದಲ ಪಾಠದಲ್ಲಿ ಹನ್ನೊಂದು ಚಿತ್ರಗಳಿವೆ, ನಾಲ್ಕಕ್ಕೆ ವಿವರಣೆ ಬರೆದಾಗಿದೆ.