ರಿಂಗ್ ತಗ್ಗಿಸಿಲ್ಲ: ಒಂದು ಸ್ಪಷ್ಟನೆ

"ಕಾಲೇಜು ಹುಡುಗಿಯರಿಗೆ ಈಗ ಬಾಸ್ಕೆಟ್‌ಬಾಲ್ ರಿಂಗ್ ತಗ್ಗಿಸಿದ್ದಾರೆ, ಅದಕ್ಕೇ ಇಷ್ಟು ಪಾಯಿಂಟ್ ಬರುವುದು" ಎಂಬ ಸಂದೇಶ ಕಾಸರಗೋಡಿನ ನಮ್ಮ ಹಳೆ ಆಟಗಾರ್ತಿಯರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ರಿಂಗ್ ಅಂದೂ ಇಂದೂ 3.05 ಮೀಟರ್ ಎತ್ತರದಲ್ಲೇ ಇದೆ, ಗಂಡಸರಿಗೂ ಅಷ್ಟೇ.

ಬದಲಾದದ್ದು ಚೆಂಡು. ನಾವು ಗಂಡಸರ 7ನೇ ಸೈಜಿನಲ್ಲೇ ಆಡಿದವರು. ಮಳೆಗಾಲದಲ್ಲಿ ಅದಕ್ಕೆ ಮುರಕಲ್ಲಿನ ಕೆಂಪು ಕೆಸರು ಮೆತ್ತಿದರೆ ಎರಡು ಕೈಯಲ್ಲೂ ನಿಲ್ಲುತ್ತಿರಲಿಲ್ಲ. 2004ರಿಂದ ಅಂತಾರಾಷ್ಟ್ರೀಯ ನಿಯಮದಲ್ಲಿ ಹೆಂಗಸರಿಗೆ 6ನೇ ಸೈಜು. ಸುತ್ತಳತೆ ಸುಮಾರು ಒಂದು ಇಂಚು ಕಡಿಮೆ. ಮೂರು ಪಾಯಿಂಟಿನ ಗೆರೆಯಂತೂ 2010ರ ನಿಯಮದಲ್ಲಿ 6.25ರಿಂದ 6.75 ಮೀಟರಿಗೆ ದೂರ ಹೋಯಿತು! ಅಲ್ಲಿಂದ ಚೆಂಡು ಹಾಕುವ ಮಕ್ಕಳ ಶ್ರಮವನ್ನು ಕಡೆಗಣಿಸಬೇಡಿ.

ಅನುಮಾನವಿದ್ದ ಅಕ್ಕಂದಿರು ಗ್ರೌಂಡಿಗೆ ಬನ್ನಿ, ಟೇಪು ಹಿಡಿದು ಅಳೆಯೋಣ.