ಮೆಷಿನ್ ಆಮೇಲೆ, ಮೊದಲು ಗ್ರೈಂಡರ್

ಊರಲ್ಲಿ ಯಾರಾದರೂ ಮನೆಗೆ ಎಸ್ಪ್ರೆಸೊ, ಅಂದರೆ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಯ ಮೆಷಿನ್ ತಂದರೆ ಮೆಲ್ಬರ್ನ್‌ನಲ್ಲಿರುವ ನನಗೆ ಮೊದಲು ಅದರ ಫೋಟೊ ಬರುತ್ತದೆ. ಸ್ವಲ್ಪ ದಿನ ಬಿಟ್ಟು ದೂರು ಬರುತ್ತದೆ. "ಎಂತ ಮಾರಾಯ, ಇಷ್ಟು ದುಡ್ಡು ಕೊಟ್ಟು ತಂದದ್ದು, ಕಾಫಿ ನೀರು ನೀರು ಉಂಟು. ಮೇಲಿಂದ ಹುಳಿ ಬೇರೆ," ಅಂತ ಉಡುಪಿಯಿಂದ ನಮ್ಮ ಭಾವ. ಮೆಷಿನ್ನೇ ಸರಿಯಿಲ್ಲ, ವಾಪಸ್ ಕೊಡುವುದು ಒಳ್ಳೆಯದು ಅಂತ ಅವರ ತೀರ್ಮಾನ. "ಹುಡಿ ಎಲ್ಲಿಯದು ಭಾವ?" ಅಂತ ಕೇಳಿದೆ. ಪೇಟೆ ಅಂಗಡಿಯದ್ದು. ಅದು ಮುಗಿದ ಮೇಲೆ ಬೀಜ ತಂದು ಮಿಕ್ಸಿಯಲ್ಲಿ ಮಾಡಿದ್ದು.

ಅವರನ್ನು ದೂರಿ ಪ್ರಯೋಜನ ಇಲ್ಲ. ನಮ್ಮ ಕಡೆ ಕಾಫಿ ಪುಡಿ ಮಾಡುವುದು ಮನೆಯ ಕೆಲಸವೇ ಅಲ್ಲ. ಅಂಗಡಿಗೆ ಹೋಗಿ ಪೀಬೆರಿ ಇಷ್ಟು, ಪ್ಲಾಂಟೇಶನ್ ಎ ಇಷ್ಟು, ಚಿಕೋರಿ ಇಷ್ಟು ಅಂತ ಹೇಳಿದರೆ ಎದುರಿಗೇ ಪುಡಿ ಮಾಡಿ, ಇನ್ನೂ ಬೆಚ್ಚಗಿರುವ ಪ್ಯಾಕೆಟ್ ಕೈಗೆ ಕೊಡುತ್ತಾರೆ. ಬೀದಿಗೆ ಒಂದು ಗ್ರೈಂಡರ್ ಇದ್ದರೆ ಸಾಕಿತ್ತು. ಫಿಲ್ಟರ್‌ಗೆ ಆ ಏರ್ಪಾಡು ಸರಿಯಾಗಿಯೇ ಇದೆ. ಬಿಸಿನೀರು ತನ್ನ ಭಾರಕ್ಕೆ ತಾನೇ ನಿಧಾನ ಇಳಿಯುತ್ತದೆ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಡಿಕಾಕ್ಷನ್ ತಯಾರು. ಪುಡಿ ತುಸು ಹೆಚ್ಚುಕಮ್ಮಿಯಾದರೂ ಫಿಲ್ಟರ್ ಸುಧಾರಿಸಿಕೊಳ್ಳುತ್ತದೆ.

ಎಸ್ಪ್ರೆಸೊಗೆ ಆ ದಾಕ್ಷಿಣ್ಯ ಇಲ್ಲ. 9 ಬಾರ್ (ಸುತ್ತಲಿನ ಗಾಳಿಯ ಸುಮಾರು ಒಂಬತ್ತು ಪಟ್ಟು) ಒತ್ತಡ, 90ರಿಂದ 96 ಡಿಗ್ರಿಯ ನೀರು, ಅರ್ಧ ನಿಮಿಷದೊಳಗೆ ಎಲ್ಲ ಮುಗಿಯಬೇಕು. ಪಂಪು ನೀರನ್ನು ತಳ್ಳುತ್ತದೆ ಅಷ್ಟೇ, ಅದನ್ನು ತಡೆದು ನಿಲ್ಲಿಸುವುದು ಪುಡಿ. ಪುಡಿ ದಪ್ಪ ಇದ್ದರೆ ನೀರು ಸರಕ್ಕನೆ ಓಡಿಹೋಗುತ್ತದೆ, ಕಾಫಿ ಹುಳಿ. ತೀರಾ ಸಣ್ಣ ಇದ್ದರೆ ತೊಟ್ಟು ತೊಟ್ಟಾಗಿ ಇಳಿದು ಕಹಿ. ಮಿಕ್ಸಿಯ ಬ್ಲೇಡಂತೂ ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ರವೆ, ಮೈದಾ ಎರಡನ್ನೂ ಬೆರೆಸಿಟ್ಟ ಹಾಗೆ ಪುಡಿ ಬರುತ್ತದೆ. ನೀರು ಎಲ್ಲಿ ಸಡಿಲ ಇದೆಯೋ ಅಲ್ಲಿ ದಾರಿ ಮಾಡಿಕೊಂಡು ನುಗ್ಗುತ್ತದೆ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಸಿಗುವುದು ಹಾಗೆ.

ಮೆಷಿನ್ ಮಾಡುವವರಿಗೂ ಇದು ಗೊತ್ತು. ಕಡಿಮೆ ಬೆಲೆಯ ಮೆಷಿನ್ ಜೊತೆ ಬರುವ ಪುಡಿ ಹಾಕುವ ಬಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಜಾಲರಿಯ ಹಾಗೆ ತುಂಬಾ ತೂತು ಇರುತ್ತದೆ. ಹೊರಗೆ ಇನ್ನೊಂದು ತಳ, ಅದಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಪುಡಿ ಒಡ್ಡಬೇಕಾದ ತಡೆಯನ್ನು ಆ ತೂತು ಒಡ್ಡುತ್ತದೆ. ಎಂಥ ಪುಡಿ ಹಾಕಿದರೂ ಮೇಲೆ ನೊರೆ ಕಾಣಿಸುತ್ತದೆ. ನೋಡಲು ಚೆಂದ, ಕುಡಿದರೆ ಏನೂ ಇಲ್ಲ. ಒಂದೇ ತಳದ ಬಾಸ್ಕೆಟ್ ಹಾಕಿದ ದಿನವೇ ಪುಡಿಯ ಬಂಡವಾಳ ಬಯಲಾಗುತ್ತದೆ. ಭಾವನಿಗೆ ಆದದ್ದೂ ಅದೇ.

ಮೆಲ್ಬರ್ನ್‌ನ ಜನ ಇದನ್ನು ಕೆಫೆಯಲ್ಲಿ ನಿಂತು ನೋಡಿಯೇ ಕಲಿತರು. ಇಲ್ಲಿಗೆ ಈ ರುಚಿ ಹತ್ತಿಸಿದವರು ಇಟಲಿಯಿಂದ ಬಂದವರು. ಬರ್ಕ್ ಸ್ಟ್ರೀಟಿನ ಪೆಲ್ಲೆಗ್ರಿನೀಸ್ ಕೆಫೆ 1954ರಿಂದ ನಡೆಯುತ್ತಿದೆ. ಮೂಲೆಯ ಯಾವ ಕೆಫೆಯಲ್ಲಾದರೂ ಬೆಳಿಗ್ಗೆ ಅಂಗಡಿ ತೆರೆಯುವ ಹುಡುಗಿ ಮೊದಲು ಕೈಯಿಡುವುದು ಗ್ರೈಂಡರ್ ಮೇಲೆ. ನಿನ್ನೆಯ ಅಳತೆ ಇವತ್ತಿಗೆ ಬರುವುದಿಲ್ಲ, ಬೀಜ ಒಂದು ದಿನ ಹಳೆಯದಾಗಿರುತ್ತದೆ. ಅದಕ್ಕೇ ಅಂಗಡಿಯವನ ಹತ್ತಿರ ಎಸ್ಪ್ರೆಸೊ ಹದಕ್ಕೆ ಪುಡಿ ಮಾಡಿಸಿಕೊಂಡು ಬಂದರೂ ಕೆಲಸ ಆಗುವುದಿಲ್ಲ. ಅವನು ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ ಮನೆಯಲ್ಲಿ ಕೂದಲೆಳೆಯಷ್ಟು ಆಚೀಚೆ ಮಾಡುವ ಸೌಕರ್ಯ ಬೇಕೇ ಬೇಕು.

ಹಾಗಾಗಿ ನನ್ನ ಲೆಕ್ಕ ಹೀಗೆ. 50,000 ರೂಪಾಯಿ ತೆಗೆದಿಟ್ಟಿದ್ದರೆ ಅರ್ಧದ ಹತ್ತಿರ ಗ್ರೈಂಡರ್‌ಗೇ ಹೋಗಲಿ. ಎರಡು ಹಲ್ಲಿನ ಬಿಲ್ಲೆಗಳ ನಡುವೆ ಬೀಜ ಬೀಸುವ ಬರ್ ಗ್ರೈಂಡರ್ ಆಗಿರಬೇಕು, ಎಸ್ಪ್ರೆಸೊ ಹದದಲ್ಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಲು ಬರಬೇಕು. ದುಡ್ಡು ಕಡಿಮೆ ಇದ್ದರೆ ಕೈಯಲ್ಲಿ ತಿರುಗಿಸುವ ಒಳ್ಳೆ ಗ್ರೈಂಡರ್ ತಗೊಳ್ಳಿ. ಅದೇ ಬೆಲೆಯ ಕರೆಂಟಿನದ್ದಕ್ಕಿಂತ ಪುಡಿ ಚೆನ್ನಾಗಿ ಬರುತ್ತದೆ, ತೋಳಿಗೆ ಸ್ವಲ್ಪ ವ್ಯಾಯಾಮ ಅಷ್ಟೇ. ಮೆಷಿನ್ನೊಳಗೇ ಗ್ರೈಂಡರ್ ಇರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಂದು ಕೆಟ್ಟರೆ ಎರಡನ್ನೂ ರಿಪೇರಿಗೆ ಹೊರಬೇಕು. ಉಡುಪಿಯಿಂದ ಎಲ್ಲಿಗೆ ಹೊರುತ್ತೀರಿ?

ಇಲ್ಲಿಯವರದ್ದೆಲ್ಲ ಸರಿ ಅಂತ ಅಲ್ಲ. ಕಾಫಿ ಹುಚ್ಚು ಹಿಡಿದವರ ಮನೆಗೆ ಹೋದರೆ ಪುಡಿ ಕೆದಕುವ ಸೂಜಿ ಬೇರೆ, ಹರಡುವ ಬಿಲ್ಲೆ ಬೇರೆ, ಬೀಜಕ್ಕೆ ನೀರು ಚಿಮುಕಿಸುವ ಪುಟ್ಟ ಬಾಟಲಿ ಬೇರೆ. ಆ ಬಾಟಲಿಗೆ ಇಲ್ಲಿ ಕಾರಣ ಇದೆ. ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಒಣಗಿರುತ್ತದೆ, ಪುಡಿ ಸ್ಥಾಯಿ ವಿದ್ಯುತ್ತಿಗೆ ಸಿಕ್ಕಲ್ಲೆಲ್ಲ ಅಂಟಿಕೊಳ್ಳುತ್ತದೆ. ವಿಡಿಯೊ ನೋಡಿ ಭಾವ ಅದನ್ನೂ ತರಿಸಿಟ್ಟಿದ್ದರು. ಜುಲೈ ತಿಂಗಳ ಉಡುಪಿಯಲ್ಲಿ, ಬಟ್ಟೆ ಒಣಗದ ಮನೆಯಲ್ಲಿ, ಕಾಫಿ ಬೀಜ ಒದ್ದೆ ಮಾಡಲು! ಅಲ್ಲಿ ಬೇಕಾದದ್ದು ಗಾಳಿಯಾಡದ ಡಬ್ಬಿ. ಕಾಲು ಕಿಲೊ ತಂದರೆ ನಾಲ್ಕು ಪಾಲು ಮಾಡಿ, ಒಂದನ್ನು ಹೊರಗಿಟ್ಟು ಉಳಿದದ್ದನ್ನು ಬಿಗಿಯಾಗಿ ಕಟ್ಟಿ ಫ್ರೀಜರ್‌ಗೆ ಹಾಕಿ. ಗ್ರೈಂಡರ್ ಮೇಲಿನ ಹಾಪರ್ ಅನ್ನುವ ಡಬ್ಬಿಯಲ್ಲಿ ಬೀಜ ತುಂಬಿಸಿಡುವ ಅಭ್ಯಾಸ ಮಳೆಗಾಲಕ್ಕೆ ಬೇಡ.

ಕರೆಂಟಿನ ವಿಷಯ ಬೇರೆ. ಇಂಥ ಮೆಷಿನ್ನುಗಳು 1,300ರಿಂದ 1,800 ವ್ಯಾಟ್ ಎಳೆಯುತ್ತವೆ. 16 ಆಂಪಿಯರಿನ ಪವರ್ ಪಾಯಿಂಟ್ ಬೇಕು, ಮಿಕ್ಸಿಯ ಸಣ್ಣ ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಎಳೆಯಬಾರದು. ಮನೆಯ ಇನ್ವರ್ಟರ್ ಲೈನಿಗಂತೂ ಬೇಡ. ದುಬೈಯಿಂದ ಯಾರಾದರೂ ತಂದುಕೊಟ್ಟರೆ ತೊಂದರೆ ಇಲ್ಲ, ವೋಲ್ಟೇಜು ನಮ್ಮದೇ, ಪ್ಲಗ್ ಮಾತ್ರ ಬದಲಿಸಬೇಕು. ಆಸ್ಟ್ರೇಲಿಯಾದ್ದೂ ಅಷ್ಟೇ. ಅಮೆರಿಕದ 120 ವೋಲ್ಟಿನ ಮೆಷಿನ್ ಮಾತ್ರ ಅಗ್ಗ ಅಂತ ತರಿಸಬೇಡಿ. ಅದಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರೇ ಒಂದು ದೊಡ್ಡ ಭಾರ.

ನೀರಿನಲ್ಲಿ ಕರಾವಳಿಯವರು ಪುಣ್ಯವಂತರು. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಗಡಸು ಬೋರ್‌ವೆಲ್ ನೀರಿನ ಊರುಗಳ ಹಾಗೆ ಬಾಯ್ಲರ್‌ನಲ್ಲಿ ಸುಣ್ಣ ಕಟ್ಟುವ ಭಯ ಕಡಿಮೆ. ಮೆಲ್ಬರ್ನ್‌ನ ನಲ್ಲಿ ನೀರೂ ಹಾಗೇ ಮೆದು. ಆದರೆ ಹೊಳೆಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಬರುವುದಿದ್ದರೆ ಆ ನೀರು ಮೆಷಿನ್ನಿಗೆ ಬೇಡ, ಲೋಹವನ್ನು ತಿನ್ನುತ್ತದೆ.

ಬೀಜ ಕೊಳ್ಳುವಾಗ ನಮ್ಮವರು ಮಾಡುವ ಒಂದು ತಮಾಷೆ ಹೇಳಲೇಬೇಕು. ಮೆಷಿನ್ ಬಂದ ಕೂಡಲೇ ಇಟಲಿಯ ಪ್ಯಾಕೆಟ್ ತರಿಸುತ್ತಾರೆ. ಭಾರತದ ಕಾಫಿ ಅತಿ ಹೆಚ್ಚು ಹೋಗುವುದು ಆ ಇಟಲಿಗೇ! ಚಿಕ್ಕಮಗಳೂರು, ಕೊಡಗು, ಹಾಸನದ ಬೀಜ ಬಹಳಷ್ಟು, ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಹಾದು, ಘಟ್ಟ ಇಳಿದು ಮಂಗಳೂರಿನ ಪಣಂಬೂರಿನಲ್ಲಿ ಹಡಗು ಹತ್ತುತ್ತದೆ. ಅದರಲ್ಲಿ ರೊಬಸ್ಟಾ ಜಾತಿಯ ಬೀಜ ಜಾಸ್ತಿ, ಎಸ್ಪ್ರೆಸೊ ಮೇಲಿನ ಕೆನೆಯಂಥ ಪದರಕ್ಕೆ ಅದು ಬೇಕು. ಇನ್ನು ಮಾನ್ಸೂನ್ಡ್ ಮಲಬಾರ್ ಅನ್ನುವುದು ತಯಾರಾಗುವುದು ಮಂಗಳೂರಿನ ಮಳೆಗಾಳಿಗೇ. ಜೂನ್‌ನಿಂದ ಗೋಡೆಯಿಲ್ಲದ ಗೋದಾಮಿನಲ್ಲಿ ಬೀಜ ಹರಡಿ, ಆಗಾಗ ಕೆದಕಿ ತಿರುಗಿಸಿ, ತೇವ ಕುಡಿಸುತ್ತಾರೆ. ಬೀಜ ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ, ಹುಳಿ ಸತ್ತುಹೋಗುತ್ತದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯೂರೋಪಿಗೆ ಹೋಗುವಾಗ ತಾನಾಗಿ ಆಗುತ್ತಿದ್ದ ಬದಲಾವಣೆಯನ್ನು ಈಗ ಬೇಕಂತಲೇ ಮಾಡುವುದು. ಹಾಲು ಹಾಕಿ ಕುಡಿಯುವವರಿಗೆ ಇದಕ್ಕಿಂತ ಬೇರೆ ಬೇಡ. ಬೀಜ ಎಲ್ಲಿಯದ್ದೇ ಇರಲಿ, ಪ್ಯಾಕೆಟ್ ಮೇಲೆ ಹುರಿದ ತಾರೀಕು ಇರಲಿ. ಹುರಿದ ಮೇಲೆ ಒಂದು ವಾರ ಬಿಟ್ಟು ಶುರು ಮಾಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಚಿಕೋರಿ ಮಾತ್ರ ಮೆಷಿನ್ನಿಗೆ ಹಾಕಬೇಡಿ. ನೀರು ಬಿದ್ದರೆ ಅಂಟಾಗಿ ಜಾಲರಿ ಕಟ್ಟಿಕೊಳ್ಳುತ್ತದೆ. ಅದು ಫಿಲ್ಟರ್‌ನಲ್ಲೇ ಇರಲಿ.

ಗ್ರೈಂಡರ್ ಬಂದ ಮೇಲೆ ಭಾವನೂ ನಾನೂ ವಿಡಿಯೊ ಕಾಲ್‌ನಲ್ಲಿ ಕೂತು ಹದ ಮಾಡಿದೆವು. ಪುಡಿ 18 ಗ್ರಾಂ, ತೂಕ ನೋಡಿಯೇ. ಚಮಚದ ಲೆಕ್ಕ ನಡೆಯುವುದಿಲ್ಲ. ಅದನ್ನು ಸಮ ಮಾಡಿ, ನೇರವಾಗಿ ಒತ್ತಿ, ಕಪ್ಪಿನ ಕೆಳಗೆ ತಕ್ಕಡಿ ಇಟ್ಟು, ಸ್ವಿಚ್ ಹಾಕಿದ ಕೂಡಲೇ ಫೋನಿನಲ್ಲಿ ಸಮಯ. ಕಪ್ಪಿಗೆ 36 ಗ್ರಾಂ ಬೀಳಲು 25ರಿಂದ 30 ಸೆಕೆಂಡ್ ಹಿಡಿಯಬೇಕು. ಮೊದಲ ಸಲ 12 ಸೆಕೆಂಡಿಗೇ ಸುರಿದುಹೋಯಿತು. ಭಾವ ಇನ್ನೂ ಗಟ್ಟಿಯಾಗಿ ಒತ್ತಲು ಹೊರಟರು. "ಒತ್ತುವುದರಲ್ಲಿ ಏನೂ ಇಲ್ಲ ಭಾವ, ಪುಡಿ ಸಣ್ಣ ಮಾಡಿ," ಅಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗ್ರೈಂಡರ್ ತಿರುಗಿಸಿದ ಮೇಲೆ ಮೊದಲು ಬರುವ ಚಿಟಿಕೆ ಪುಡಿ ಹಳೆಯ ಹದದ್ದು, ಅದನ್ನು ಚೆಲ್ಲಬೇಕು. ಕೊನೆಗೆ ಜೇನಿನ ಬಣ್ಣದಲ್ಲಿ ಎಳೆಯಾಗಿ ಇಳಿದದ್ದನ್ನು ಅಕ್ಕ ಒಂದು ಗುಟುಕು ಕುಡಿದು, "ಹಾಲೆಲ್ಲಿ?" ಅಂದಳು.

ಹಾಲಿನಲ್ಲೇ ಎರಡು ಊರುಗಳ ದಾರಿ ಬೇರೆಯಾಗುವುದು. ಇಲ್ಲಿ ಫ್ರಿಜ್‌ನ ಹಾಲಿಗೆ ಹಬೆ ಕೊಟ್ಟು 60–65 ಡಿಗ್ರಿಗೆ ನಿಲ್ಲಿಸುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಆ ರೇಷ್ಮೆಯಂಥ ನೊರೆ ಕೆಡುತ್ತದೆ. ಆ ಕಾಫಿ ಅಕ್ಕನಿಗೆ ಕೊಟ್ಟರೆ "ತಣ್ಣಗಾಗಿದೆ" ಅಂತ ಮತ್ತೆ ಒಲೆಗೆ ಇಡುತ್ತಾಳೆ. ಅವಳದ್ದು ತಪ್ಪು ಅಂತ ನನಗನಿಸುವುದಿಲ್ಲ. ಕುದಿದ ಹಾಲನ್ನು ಸ್ಟೀಲ್ ಲೋಟದಲ್ಲಿ ಎತ್ತಿ ಹೊಯ್ದು, ಅದಕ್ಕೆ ಎಸ್ಪ್ರೆಸೊ ಹಾಕಿ ಕುಡಿದು ನೋಡಿ. ಹಬೆಯ ನಳಿಗೆಯ ಹಂಗೇ ಬೇಡ. ಹಾಗೆ ಕುಡಿಯುವ ಮನೆಗೆ, ಮಳೆಗಾಲದಲ್ಲಿ ಕರೆಂಟು ಹೋಗುವ ಕಡೆಗೆ, ಕೈಯಲ್ಲಿ ಒತ್ತುವ ಲಿವರ್ ಮೆಷಿನ್ನೇ ನನ್ನ ಮೊದಲ ಆಯ್ಕೆ. ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡರೆ ಆಯಿತು. ಕೆಡಲು ಒಳಗೆ ರಬ್ಬರ್ ರಿಂಗ್ ಬಿಟ್ಟರೆ ಹೆಚ್ಚೇನೂ ಇಲ್ಲ.

ಭಾವ ಈಗ ಕಾಫಿಗೊಂದು, ಹಬೆಗೊಂದು ಬಾಯ್ಲರ್ ಇರುವ ಡಬಲ್ ಬಾಯ್ಲರ್ ಮೆಷಿನ್ನಿನ ಫೋಟೊ ಕಳಿಸಿದ್ದಾರೆ. ನೆಂಟರು ಬಂದಾಗ ಅನುಕೂಲ ಅಂತ ಅವರ ವಾದ. ಚೌತಿಗೆ ಹದಿನೈದು ಜನ ಸೇರಿದರೆ ಯಾವ ಬಾಯ್ಲರ್ ಇದ್ದರೂ ಒಂದೊಂದೇ ಕಪ್ ಇಳಿಸುತ್ತಾ ನಿಲ್ಲಬೇಕು, ಕೊನೆಯವನಿಗೆ ಕಾಫಿ ಸಿಗುವ ಹೊತ್ತಿಗೆ ಊಟದ ಎಲೆ ಹಾಕಿರುತ್ತಾರೆ. ಆವತ್ತಿಗೆ ದೊಡ್ಡ ಫಿಲ್ಟರ್ ಇದೆಯಲ್ಲ, ಅಕ್ಕ ರಾತ್ರಿಯೇ ಹಾಕಿಡುತ್ತಾಳೆ. ಬೇಡ ಭಾವ ಅಂತ ಬರೆದಿದ್ದೇನೆ. ಅಷ್ಟು ದುಡ್ಡು ಹಾಕುವುದೇ ಆದರೆ ಇನ್ನೂ ಒಳ್ಳೆಯ ಗ್ರೈಂಡರ್ ತಗೊಳ್ಳಿ.