ನನ್ನ ತೂಕಕ್ಕೆ ತಕ್ಕ ಆಟ

ವಾಕಿಂಗ್ ಮೇಲೆ ನನಗೆ ದ್ವೇಷ ಏನಿಲ್ಲ. ಬೇಜಾರು, ಅಷ್ಟೇ. ಆದರೆ ಮೈಸೂರಿನಲ್ಲಿದ್ದುಕೊಂಡು ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಇಲ್ಲಿ ವಯಸ್ಸು ನಲವತ್ತೈದು ದಾಟಿತೆಂದರೆ ಬೆಳಕು ಹರಿಯುವಷ್ಟರಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹಾಜರಿ ಹಾಕಬೇಕು. "ಶುಗರ್ ಬಾರ್ಡರಿನಲ್ಲಿದೆ, ತೂಕ 80 ಕಿಲೋ ದಾಟಿದೆ, ದಿನಾ ಹತ್ತು ಸಾವಿರ ಹೆಜ್ಜೆ ಹಾಕಿ" ಎಂದು ಡಾಕ್ಟರು ನನ್ನನ್ನೂ ಅಲ್ಲಿಗೆ ಅಟ್ಟಿದರು. ಹೋದೆ. ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡು, ಕೆರೆಯ ಹೆಜ್ಜಾರ್ಲೆಗಳನ್ನು ನೋಡುತ್ತಾ ನಡೆದೆ. ಅವು ನನಗಿಂತ ಗುಂಡಗಿವೆ. ಎಲ್ಲಿಗೂ ನಡೆದುಕೊಂಡು ಹೋಗುವುದಿಲ್ಲ. ಯಾವ ಡಾಕ್ಟರೂ ಅವಕ್ಕೆ ಏನೂ ಹೇಳಿದಂತಿಲ್ಲ.

ಆಮೇಲೆ ಎಲ್ಲೋ ಓದಿದೆ. ಈ ಹತ್ತು ಸಾವಿರದ ಲೆಕ್ಕ ಯಾವ ವೈದ್ಯರೂ ಕೂತು ಹಾಕಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಅದಕ್ಕೆ ಇಟ್ಟ ಹೆಸರಿನಿಂದ ಹುಟ್ಟಿಕೊಂಡಿದ್ದು. ಇದನ್ನು ಓದಿದ ದಿನವೇ ನನಗೆ ಮಂಡಿನೋವು ಜಾಸ್ತಿಯಾಯಿತು.

"ಹಾಗಾದರೆ ಏನಾದರೂ ಆಟ ಆಡಿ ಮೇಡಂ. ವಾರಕ್ಕೆ 150 ನಿಮಿಷ ಮೈ ಬೆವರಿದರೂ ಸಾಕು, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ" ಎಂದರು ಡಾಕ್ಟರು. ಯಾವ ಆಟ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಥ್ರೋಬಾಲ್. ನಮ್ಮ ಬಡಾವಣೆಯ ಹೆಂಗಸರು ರಾಜ್ಯೋತ್ಸವದ ಪಂದ್ಯಕ್ಕೆ ತಂಡ ಕಟ್ಟುತ್ತಿದ್ದರು. 1940ರ ದಶಕದಲ್ಲಿ ಮದ್ರಾಸಿನ ವೈಡಬ್ಲ್ಯುಸಿಎ ಹೆಂಗಸರು ಆಡತೊಡಗಿದ ಈ ಆಟ ಕರ್ನಾಟಕದ ಹೈಸ್ಕೂಲು ಅಂಗಳಗಳಲ್ಲಿ ಎಷ್ಟು ಬೇರೂರಿದೆ ಎಂದರೆ, ನನ್ನ ವಯಸ್ಸಿನ ಯಾರನ್ನು ಕೇಳಿದರೂ "ನಾನು ಸ್ಕೂಲ್ ಟೀಮಿನಲ್ಲಿದ್ದೆ ಕಣ್ರೀ" ಎನ್ನುತ್ತಾರೆ. ನಾನೂ ಇದ್ದೆ. ತಲೆಗೆ ಎಲ್ಲ ನೆನಪಿತ್ತು. ಮೈಗೆ ಏನೂ ನೆನಪಿರಲಿಲ್ಲ.

ಚೆಂಡನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯಬೇಕು. ಮೈಗೆ ತಾಗಬಾರದು. ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆಯಬೇಕು. ನಾನು ಸರ್ಕಾರಿ ಗುಮಾಸ್ತೆ. ಕೈಗೆ ಬಂದದ್ದನ್ನು ಮೂರು ಸೆಕೆಂಡಿನಲ್ಲಿ ಮುಂದಕ್ಕೆ ಕಳಿಸಿ ರೂಢಿಯೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಹೊಟ್ಟೆಯದ್ದು. ಕೈ ಮುಂದೆ ಹೋಗುವಷ್ಟರಲ್ಲಿ ಅದೇ ಮುಂದೆ ನಿಂತಿರುತ್ತಿತ್ತು. ಚೆಂಡು ನೇರ ಅಲ್ಲಿಗೇ ಬಂದು ಬೀಳುತ್ತಿತ್ತು. ನಮ್ಮ ಬೀದಿಯ ನಿವೃತ್ತ ಪಿ.ಟಿ. ಮೇಷ್ಟ್ರು ಅಂಪೈರ್. ಸೀಟಿ ಊದಿ "ಬಾಡಿ ಟಚ್!" ಎಂದು ಕೂಗುವರು. ಸಂಕೋಚದ ಮನುಷ್ಯ, ಯಾವ ಜಾಗಕ್ಕೆ ತಾಗಿತು ಎಂದು ಒಂದು ದಿನವೂ ಕೈತೋರಿಸಿ ಹೇಳಲಿಲ್ಲ.

ಆದರೆ ಆಡಲು ಮಜಾ ಇತ್ತು. ಚೆಂಡು ಮುಖಕ್ಕೆ ಬರುತ್ತಿರುವಾಗ ಯಾರೂ ವಾಚು ನೋಡುವುದಿಲ್ಲ ಅಲ್ವಾ? ಒಂದು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಪಂದ್ಯದ ಹಿಂದಿನ ಭಾನುವಾರ ಪಕ್ಕದ ಬಡಾವಣೆಯವರ ಜೊತೆ ಅಭ್ಯಾಸದ ಆಟ ಇಟ್ಟುಕೊಂಡೆವು. ಎರಡೂ ತಂಡ ಸಮಸಮ ಇದ್ದಾಗ, ನಮ್ಮ ಎಸೆತ ಇನ್ನೂ ಗಾಳಿಯಲ್ಲಿರುವಾಗಲೇ ಕಿವಿಗೆ ಚುಚ್ಚುವಂತೆ ಸೀಟಿ ಕೇಳಿಸಿತು. ಎದುರಾಳಿಗಳು ಕೈಬಿಟ್ಟು ನಿಂತರು. ಚೆಂಡು ಅವರ ಮಧ್ಯೆ ಬಿತ್ತು. ಮೇಷ್ಟ್ರು ಪಾಯಿಂಟನ್ನು ನಮಗೆ ಕೊಟ್ಟರು. "ನೀವೇ ಸೀಟಿ ಊದಿದ್ರಲ್ಲ ಸಾರ್!" ಎಂದು ಅವರ ಗಲಾಟೆ. "ಇಲ್ಲಮ್ಮ, ಸೀಟಿ ನನ್ನ ಜೇಬಲ್ಲಿದೆ" ಎಂದು ಇವರು. ಅಷ್ಟರಲ್ಲಿ ಇನ್ನೊಂದು ಸಲ ಕೂಗಿತು. ಪಾರ್ಕಿನ ಪಕ್ಕದ ಮನೆಯ ಕುಕ್ಕರ್! ಜಗಳ ಮುಗಿಯುವಷ್ಟರಲ್ಲಿ ಆ ಮನೆಯಲ್ಲಿ ಅಡುಗೆಯೂ ಮುಗಿದಿತ್ತು. ಅಂದಿನಿಂದ ಮೇಷ್ಟ್ರು ಸೀಟಿ ಬಿಟ್ಟು ಊಟದ ತಟ್ಟೆ ಬಡಿಯುತ್ತಾರೆ. ಆ ಪಕ್ಕದ ಮನೆ ನಮ್ಮದು. ಒಳಗೆ ನಮ್ಮ ಯಜಮಾನರು ಪೊಂಗಲ್ ಇಟ್ಟಿದ್ದರು. ಈ ವಿಷಯ ತಂಡದಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಟದ ನೋವಿನ ವಿಷಯ ಒಂದು ಹೇಳಬೇಕು. ಅದು ಆಡಿದ ದಿನ ಬರುವುದಿಲ್ಲ. ಅವತ್ತು ನಾನು ಪಿ.ಟಿ. ಉಷಾ. ಮಾರನೆಯ ದಿನವೂ ಪರವಾಗಿಲ್ಲ. ಮೂರನೆಯ ದಿನ ಆಫೀಸಿನ ಮೆಟ್ಟಿಲ ಮೇಲೆ ತೊಡೆ ಬೆಂಕಿಯಾಗುತ್ತದೆ. ಹತ್ತುವಾಗ ಸುಮ್ನಿದ್ದು, ಇಳಿಯುವಾಗ ಹಿಡಿಯುತ್ತದೆ. ರೂಢಿ ಇಲ್ಲದ ಸ್ನಾಯುವಿನಲ್ಲಿ ಸಣ್ಣಸಣ್ಣ ಬಿರುಕು ಬಿಟ್ಟಿರುತ್ತದಂತೆ. ಒಂದೆರಡು ದಿನ ನಾನು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮೇಲಧಿಕಾರಿಗಳು ಎದುರಿಗೆ ಬಂದರು. ಅವರಿಗೆ ಬೆನ್ನು ತೋರಿಸದೆ ಇಳಿಯುತ್ತಿದ್ದೇನೆ, ಎಂಥ ಮರ್ಯಾದೆ ಎಂದುಕೊಂಡಿರಬೇಕು.

ನಾನು ಖುಷಿಯಾಗಿರುವುದನ್ನು ನೋಡಿ ಯಜಮಾನರಿಗೂ ಹುಮ್ಮಸ್ಸು ಬಂತು. "ಬಾ, ಶಟಲ್ ಆಡೋಣ" ಎಂದರು. ಅವರು ಪುತ್ತೂರಿನ ಕಡೆಯವರು. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದದ್ದು ಕರಾವಳಿಯವರಿಗೆ ಸಿಕ್ಕ ಗೌರವ ಎಂದೇ ಅವರ ವಾದ. ಪ್ರಕಾಶ್ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ ಎಂದರೆ, "ಪಡುಕೋಣೆ ಎಲ್ಲಿ ಉಂಟು ಹೇಳು" ಎಂದು ಬಾಯಿ ಮುಚ್ಚಿಸುತ್ತಾರೆ. ಒಂದು ಸಮಾಧಾನ ಏನೆಂದರೆ, ಪ್ರಕಾಶ್ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ನಮ್ಮ ಕೋರ್ಟೂ ಸಮುದಾಯ ಭವನವೇ. ಮುಹೂರ್ತ ಇದ್ದ ದಿನ ಆಟ ಇಲ್ಲ. ಮುಹೂರ್ತದ ಮಾರನೆಯ ದಿನ ಆಟ ಇರುತ್ತದೆ, ಆದರೆ ನೆಲದ ಮೇಲೆ ಅಕ್ಷತೆಯೂ ಇರುತ್ತದೆ. ನಾನು ಜಾರಿದ್ದು ಆ ಅಕ್ಷತೆಯ ಮೇಲೆ. ಯಾರದ್ದೋ ಮದುವೆಗೆ ಹಿರಿಯರು ಆಶೀರ್ವಾದ ಮಾಡಿದ ಅಕ್ಕಿ, ನನ್ನ ಸೊಂಟಕ್ಕೆ ಬಂತು.

ಗಂಡ ಹೆಂಡತಿ ಡಬಲ್ಸ್ ಆಡಬಾರದು. ಇದು ನನ್ನ ಅಭಿಪ್ರಾಯ, ಚರ್ಚೆಗೆ ಸಿದ್ಧಳಿಲ್ಲ. ಇಬ್ಬರ ಮಧ್ಯೆ ಬಂದ ಶಟಲನ್ನು "ನಿಂದು!" ಎಂದು ಅವರು, "ನಿಮ್ಮದು!" ಎಂದು ನಾನು. ಅದು ಮಧ್ಯದಲ್ಲೇ ಬೀಳುತ್ತದೆ. ಆಮೇಲೆ ಮನೆ ತಲುಪುವವರೆಗೂ ಮಾತಿಲ್ಲ. ಅದರ ಮೇಲೆ ಗರಿಯ ಲೆಕ್ಕ. ಒಂದು ಶಟಲಿಗೆ ಹದಿನಾರು ಗರಿ. ಒಂದು ಮುರಿದರೂ ಅದು ಅಡ್ಡಾದಿಡ್ಡಿ ಹಾರುತ್ತದೆ. ನಾನು ಬೀಸಿದಾಗಲೆಲ್ಲ ಅವರ ಕಣ್ಣು ಗರಿಯ ಮೇಲೆ, ಬಾಯಲ್ಲಿ ಅದರ ಬೆಲೆ. ಇರುವುದೇ ಐದು ಗ್ರಾಂ. ಅದರ ಹಿಂದೆ 80 ಕಿಲೋ ಓಡಬೇಕು ಎನ್ನುವುದು ಎಲ್ಲಿಯ ನ್ಯಾಯ?

ಈಜುಕೊಳದಲ್ಲಿ ಮಾತ್ರ ನನ್ನ ತೂಕಕ್ಕೆ ಮೊದಲ ಸಲ ಬೆಲೆ ಬಂತು. ಹೆಂಗಸರ ಬ್ಯಾಚಿಗೆ ಗೆಳತಿಯ ಜೊತೆ ಸೇರಿದ್ದೆ. ಅವಳು ಕಡ್ಡಿಪೈಲ್ವಾನಿ. ಕಾಲೇಜು ಹುಡುಗಿಯೊಬ್ಬಳು ಕೋಚ್. "ಮೈ ಸಡಿಲ ಬಿಡಿ ಆಂಟಿ, ತೇಲ್ತೀರಿ" ಎಂದಳು. ಗೆಳತಿ ಸಡಿಲ ಬಿಟ್ಟಳು, ಮುಳುಗಿದಳು. ನಾನು ಸಡಿಲ ಬಿಟ್ಟೆ, ತೇಲಿದೆ. ಕೊಬ್ಬು ನೀರಿಗಿಂತ ಹಗುರ, ಆದ್ದರಿಂದ ನನ್ನಂಥವರಿಗೆ ಇದು ಸಲೀಸು ಎಂದು ಆ ಹುಡುಗಿ ಎಲ್ಲರೆದುರು ವಿವರಿಸಿದಳು. ಹೊಗಳಿಕೆ ಎಂದೇ ತೆಗೆದುಕೊಂಡೆ. ಎಣ್ಣೆ ಹಚ್ಚಿದ ತಲೆಯಿಂದ ರಬ್ಬರ್ ಟೋಪಿ 'ಟಪ್' ಎಂದು ಹಾರಿಹೋದಾಗಲೂ ತೇಲುತ್ತಲೇ ಇದ್ದೆ.

ತೊಂದರೆ ಶುರುವಾದದ್ದು ಹಲಗೆ ಹಿಡಿದು ಕಾಲು ಬಡಿಯುವಾಗ. ಎಲ್ಲರೂ ಮುಂದೆ ಹೋದರು. ನಾನು ಹಿಂದೆ ಹೋದೆ. ನಿಜವಾಗಿಯೂ ಹಿಂದೆ. ಜೋರಾಗಿ ಬಡಿದಷ್ಟೂ ಬೇಗ ಹಿಂದೆ. ಪಾದದ ಕೀಲು ಬಿಗಿಯಾಗಿದ್ದರೆ ಹೀಗಾಗುತ್ತದಂತೆ, ಕಾಲು ನೀರನ್ನು ಹಿಂದಕ್ಕೆ ತಳ್ಳುವ ಬದಲು ಮುಂದಕ್ಕೆ ತಳ್ಳುತ್ತದೆ. ಕೊನೆಗೆ ಕೋಚ್ ನನ್ನನ್ನು ಆಚೆ ದಡದಲ್ಲಿ ನಿಲ್ಲಿಸಿ, ಅಲ್ಲಿಂದ ಕಾಲು ಬಡಿಯಲು ಹೇಳಿದಳು. ಈಚೆ ದಡಕ್ಕೆ ಬಂದು ಸೇರಿದೆ. ಬೆವರು ಬಂದರಾಯಿತು, ದಿಕ್ಕಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಏನೂ ಹೇಳಿಲ್ಲವಲ್ಲ.

ಆ ವರ್ಷ ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಆಷಾಢದಲ್ಲಿ, ಪುತ್ತೂರಿನ ಹತ್ತಿರದ ಗಂಡನ ಊರಿಗೆ ಹೋದೆವು. ಹೊರಗೆ ಬಿಡದ ಮಳೆ, ಒಳಗೆ ಪತ್ರೊಡೆ. ಊರಿನಲ್ಲಿ ಕೆಸರುಗದ್ದೆ ಆಟೋಟ ಇತ್ತು. ಓಟ, ಮಡಕೆ ಒಡೆಯುವುದು, ಕೆಸರಿನಲ್ಲಿ ನಿಧಿ ಹುಡುಕುವುದು, ಎಲ್ಲ ಉಂಟು. ನನ್ನನ್ನು ಮೊದಲು ಅಡಿಕೆ ಹಾಳೆ ಎಳೆಯುವ ಆಟಕ್ಕೆ ಸೇರಿಸಿದರು. ಹಾಳೆಯ ಮೇಲೆ ಒಬ್ಬರು ಕೂರಬೇಕು, ಇನ್ನೊಬ್ಬರು ಎಳೆದುಕೊಂಡು ಓಡಬೇಕು. ಮೈದುನ ಎಳೆದ. ಅವನೂ ಹಾಳೆಯ ಮುಂದಿನ ತುಂಡೂ ಗೆರೆ ಮುಟ್ಟಿ ಮೂರನೇ ಸ್ಥಾನಕ್ಕೆ ಬಂದರು. ನಾನೂ ಹಿಂದಿನ ತುಂಡೂ ಹೊರಟಲ್ಲೇ ಇದ್ದೆವು.

ಆಗ ಓರಗಿತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳು ಹಗ್ಗ ಜಗ್ಗಾಟದ ಕ್ಯಾಪ್ಟನ್. "ಅಕ್ಕ, ನೀವು ಹಿಂದೆ ನಿಲ್ಲಿ" ಎಂದಳು. ಎಂಟು ಜನರ ತಂಡದಲ್ಲಿ ಕೊನೆಯವರದ್ದೇ ಗಟ್ಟಿ ಕೆಲಸ. ಹಗ್ಗವನ್ನು ಕಂಕುಳ ಕೆಳಗಿಂದ ತಂದು, ಬೆನ್ನಿಗೆ ಅಡ್ಡ ಹಾಯಿಸಿ, ಹೆಗಲ ಮೇಲೆ ತೆಗೆದುಕೊಳ್ಳುವ ಹಕ್ಕು ಅವರೊಬ್ಬರಿಗೇ. 1900ರಿಂದ 1920ರವರೆಗೆ ಒಲಿಂಪಿಕ್ಸಿನಲ್ಲೂ ಇದ್ದ ಆಟ ಇದು, ಆಮೇಲೆ ಯಾಕೆ ತೆಗೆದರೋ, ನನಗೊಂದು ಅವಕಾಶ ತಪ್ಪಿತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಂಡದ ಒಟ್ಟು ತೂಕಕ್ಕೆ ಮಿತಿ ಇರುತ್ತದೆ. ನಮ್ಮ ಗದ್ದೆಗೆ ಯಾರೂ ತಕ್ಕಡಿ ತಂದಿರಲಿಲ್ಲ, ದೇವರ ದಯ.

ಎದುರಿಗೆ ಪಕ್ಕದ ಊರಿನವರು. ದಿನಾ ಹುಲ್ಲಿನ ಹೊರೆ ಹೊತ್ತು ಗಟ್ಟಿಯಾದ ತೋಳುಗಳು. ಸೀಟಿ ಊದಿದ್ದೇ ತಡ, ನಮ್ಮ ಮುಂದಿನ ಏಳೂ ಜನ ಸಾಲಾಗಿ ಕೆಸರಿಗೆ ಬಿದ್ದರು. ನಾನು ಬೀಳಲಿಲ್ಲ. ಬೀಳುವ ಹಾಗೇ ಇರಲಿಲ್ಲ. ಎರಡೂ ಕಾಲು ಮೊಣಕಾಲಿನವರೆಗೆ ಹೂತುಹೋಗಿ ಗೂಟ ಹೊಡೆದಂತೆ ನಿಂತಿದ್ದೆ. ಅವರು ಎಳೆದರು, ಎಳೆದರು, ಸುಸ್ತಾದರು. ಮೈಕಿನಲ್ಲಿ "ಮೈಸೂರಿನ ಅಕ್ಕ ಅಲುಗಾಡುದೇ ಇಲ್ಲ ಮಾರಾಯ್ರೆ!" ಎಂದು ಕೂಗು. ಅಷ್ಟರಲ್ಲಿ ನಮ್ಮವರು ಒಬ್ಬೊಬ್ಬರಾಗಿ ಎದ್ದು ಹಗ್ಗ ಹಿಡಿದರು. ಹಿಂದಕ್ಕೆ ಹೋದವರೇ ಗೆಲ್ಲುವ ಆಟ ಇದು. ಈಜುಕೊಳದಲ್ಲಿ ನನಗೆ ಆ ತರಬೇತಿ ಮುಗಿದಿತ್ತು.

ಗೆದ್ದೆವು. ಬಹುಮಾನ ಒಂದು ಗೊನೆ ಬಾಳೆಹಣ್ಣು. ಅದನ್ನು ತೆಗೆದುಕೊಳ್ಳಲು ಹೋಗೋಣವೆಂದರೆ ಕಾಲು ಬರಲಿಲ್ಲ. ಅದೇ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿ, ಎರಡೂ ತಂಡ ಸೇರಿ ಎಳೆದವು. ಆ ದಿನದ ಅತ್ಯಂತ ಕಷ್ಟದ ಪಂದ್ಯ ಅದೇ ಆಗಿತ್ತು ಎಂದು ಊರಿನವರು ಈಗಲೂ ಹೇಳುತ್ತಾರೆ.

ಈಗ ಥ್ರೋಬಾಲ್ ನಡೆದಿದೆ, ಈಜು ನಡೆದಿದೆ, ಶಟಲ್ ಬೇರೆಯವರ ಗಂಡಂದಿರ ವಿರುದ್ಧ ನಡೆದಿದೆ. ಶುಗರ್ ಇಳಿದಿದೆ. ತೂಕವೂ 76ಕ್ಕೆ ಬಂದಿದೆ. ಡಾಕ್ಟರಿಗೆ ಖುಷಿ. ಮೊನ್ನೆ ಓರಗಿತ್ತಿಯ ಫೋನು ಬಂತು. ಕ್ಷೇಮ ಸಮಾಚಾರ ಮುಗಿಸಿ, "ಅಕ್ಕ, ಈಗ ಎಷ್ಟು ಉಂಟು?" ಎಂದಳು. ಹೆಮ್ಮೆಯಿಂದ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅಯ್ಯೋ, ನಾಲ್ಕು ಕಿಲೋ ಹೋಯ್ತಾ? ಪಕ್ಕದ ಊರಿನವರಿಗೆ ಹೇಳ್ಬೇಡಿ ಆಯ್ತಾ" ಎಂದಳು ಕೊನೆಗೆ.

ಎರಡೇ ದಿನಕ್ಕೆ ಊರಿನಿಂದ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಅತ್ತೆ ಮಾಡಿದ ಹಲಸಿನ ಹಪ್ಪಳ, ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸು, ಒಂದು ಡಬ್ಬ ತುಪ್ಪ. ತಲುಪಿತು ಎಂದು ಹೇಳಲು ಫೋನು ಮಾಡಿದೆ.

"ಆಟಿಗೆ ಇನ್ನು ಹೆಚ್ಚು ದಿನ ಇಲ್ಲ ಅಕ್ಕ. ಇವತ್ತಿಂದಲೇ ಪ್ರಾಕ್ಟೀಸ್ ಶುರು ಮಾಡಿ" ಎಂದಳು ಕ್ಯಾಪ್ಟನ್.